ಸಿಲುವೆಪುರದ ಶಾಲಾವರ್ಷ

ಊರು ಮೊದಲು, ಶಾಲೆ ಆಮೇಲೆ. ಇದು ಲೋಕದ ಕ್ರಮ. ಜನರು ಒಂದೆಡೆ ನೆಲೆಸಿ, ಕೆರೆಯನ್ನು ಕಟ್ಟಿ, ಗುಡಿಯನ್ನೆತ್ತಿ, ಮಕ್ಕಳು ಹೆಚ್ಚಿದ ತರುವಾಯ ಗುಡಿಯ ಜಗಲಿಯಲ್ಲೋ ಶಾನುಭೋಗರ ಪಡಸಾಲೆಯಲ್ಲೋ ಒಬ್ಬ ಐಗಳನ್ನು ಕುಳ್ಳಿರಿಸಿ ಮರಳಿನ ಮೇಲೆ ಅಕ್ಷರಗಳನ್ನು ತಿದ್ದಿಸುತ್ತಿದ್ದರು. ಈ ಕ್ರಮವು ತಲೆಕೆಳಗಾಗಿ, ಮೊದಲು ಮಕ್ಕಳು, ಮಕ್ಕಳಿಗಾಗಿ ಶಾಲೆ, ಶಾಲೆಯ ಬೆನ್ನ ಹಿಂದೆ ಊರು, ಹೀಗೆ ಹುಟ್ಟಿದ ಸ್ಥಳಗಳು ವಿರಳ. ಬೆಂಗಳೂರಿನ ಉತ್ತರಕ್ಕೆ, ಯಶವಂತಪುರವನ್ನು ದಾಟಿ, ಚಿಕ್ಕಬಾಣಾವರದಿಂದ ಹೆಸರಘಟ್ಟಕ್ಕೆ ಹೋಗುವ ಮಾರ್ಗದಲ್ಲಿರುವ ಸಿಲುವೆಪುರವು ಅಂಥವುಗಳಲ್ಲೊಂದು.

ಹೆಸರನ್ನು ಕೇಳಿದೊಡನೆಯೇ ಅದು ಆ ಸೀಮೆಯ ಹಳೆಯ ಹಳ್ಳಿಗಳ ಸಾಲಿನದಲ್ಲವೆಂಬುದು ಗೊತ್ತಾಗುತ್ತದೆ. ಸುತ್ತಲೂ ಸೋಲದೇವನಹಳ್ಳಿ, ತರಬನಹಳ್ಳಿ, ಚಿಕ್ಕಬಾಣಾವರ, ನಡುವೆ ಸಿಲುವೆಪುರ. ಸಿಲುವೆಯೆಂದರೆ ಶಿಲುಬೆ. ಈ ಶಬ್ದವು ಸಂಸ್ಕೃತವೂ ಅಲ್ಲ, ಅಚ್ಚಗನ್ನಡವೂ ಅಲ್ಲ. ಸಿರಿಯಾಕ್ ಭಾಷೆಯ ‘ಸ್ಲೀಬಾ’ ಎಂಬ ಮಾತು ಕ್ರೈಸ್ತರೊಡನೆ ಕಡಲನ್ನು ದಾಟಿ ಬಂದು, ತಮಿಳಿನಲ್ಲಿ ‘ಸಿಲುವೈ’ ಆಗಿ, ಕನ್ನಡದಲ್ಲಿ ಸಿಲುವೆಯೆಂದೂ ಶಿಲುಬೆಯೆಂದೂ ನಿಂತಿತು. ಅದಕ್ಕೆ ‘ಪುರ’ವನ್ನು ಅಂಟಿಸಿದ್ದರಿಂದ ಅರಿಸಮಾಸವಾಯಿತೆಂದು ವೈಯಾಕರಣರು ಮೂಗು ಮುರಿಯಬಹುದು. ಮುರಿಯಲಿ. ಆ ಊರಿನಲ್ಲಿ ಮೊದಲು ನೆಲೆಸಿದವರೂ ಒಂದು ಬಗೆಯ ಅರಿಸಮಾಸದವರೇ ಸರಿ. ಒಂದಕ್ಕೊಂದು ಪೂರ್ವಸಂಬಂಧವಿಲ್ಲದ ಪದಗಳನ್ನು ಕೂಡಿಸಿದಂತೆ ಕಾಲವು ಅವರನ್ನು ಕೂಡಿಸಿತು.

ಆ ಕಾಲವು ಯಾವುದೆಂದು ಈಗಿನ ಮನೆಗಳಲ್ಲಿ ನೆನೆಯುವವರು ಕಡಮೆ. ೧೮೭೬ನೆಯ ಇಸವಿ ಧಾತು ಸಂವತ್ಸರ, ಮರುವರ್ಷ ಈಶ್ವರ ಸಂವತ್ಸರ. ಎರಡು ವರ್ಷವೂ ಮಳೆ ಹೋಯಿತು. ‘ಧಾತು ಈಶ್ವರದ ಬರ’ವೆಂದು ಮುದುಕಿಯರು ಬಹುಕಾಲದವರೆಗೆ ಕಾಲವನ್ನು ಅಳೆಯುತ್ತಿದ್ದುದು ಇದರಿಂದಲೇ. ೧೮೭೧ರ ಖಾನೇಷುಮಾರಿಯಲ್ಲಿ ಮೈಸೂರು ಸೀಮೆಯ ಜನಸಂಖ್ಯೆ ೫೦,೫೫,೪೧೨. ಹತ್ತು ವರ್ಷದ ಮೇಲೆ, ೧೮೮೧ರಲ್ಲಿ, ಅದು ೪೧,೮೬,೧೮೮. ಎಂಟೂಮುಕ್ಕಾಲು ಲಕ್ಷಕ್ಕೆ ಹತ್ತಿರ ಹತ್ತಿರ ಇಳಿದಿದೆ. ಆ ಹತ್ತು ವರ್ಷಗಳಲ್ಲಿ ಹೆಚ್ಚಬೇಕಾಗಿದ್ದವರ ಲೆಕ್ಕ ಬೇರೆ. ಹಸಿದವರು ಊರು ಬಿಟ್ಟು ಬೆಂಗಳೂರಿನ ದಾರಿಯನ್ನು ಹಿಡಿದರು. ದಾರಿಯಲ್ಲಿ ತಾಯಿ ಬಿದ್ದಳು, ತಂದೆ ಬಿದ್ದನು; ಮಗು ಉಳಿಯಿತು. ಹೀಗೆ ಉಳಿದ ಮಕ್ಕಳನ್ನು ಕ್ರೈಸ್ತ ಮಿಷನ್ನುಗಳವರು, ಕಥೋಲಿಕರೂ ಪ್ರಾಟೆಸ್ಟಂಟರೂ, ಅನಾಥಾಲಯಗಳಿಗೆ ಸೇರಿಸಿಕೊಂಡರು. ಮೈಸೂರು ಸೀಮೆಯ ಕಥೋಲಿಕ ಮಿಷನ್ ಆಗ ಪ್ಯಾರಿಸಿನ ವಿದೇಶೀ ಮಿಷನ್ ಸಂಸ್ಥೆಯ ಫ್ರೆಂಚ್ ಪಾದ್ರಿಗಳ ಕೈಯಲ್ಲಿತ್ತು. ಅವರಲ್ಲಿ ಹಿಂದಿನವನಾದ ಅಬ್ಬೆ ದ್ಯುಬುವಾ ಎಂಬವನು ಹತ್ತೊಂಬತ್ತನೆಯ ಶತಮಾನದ ಆದಿಯಲ್ಲಿಯೇ ಹಾಸನದ ಸಮೀಪ ಕ್ರೈಸ್ತರಿಗಾಗಿ ಒಕ್ಕಲುತನದ ನೆಲೆಯೊಂದನ್ನು ಏರ್ಪಡಿಸಿದ್ದನು. ಅದೇ ದಾರಿಯನ್ನು ಹಿಡಿದು, ಬರದ ತರುವಾಯ, ಬೆಳೆದ ಅನಾಥರಿಗೆ ಭೂಮಿಯನ್ನೂ ಎತ್ತುಗಳನ್ನೂ ಕೊಟ್ಟು, ಮದುವೆ ಮಾಡಿಸಿ, ಒಕ್ಕಲು ಕೂರಿಸಿದ ಊರುಗಳಲ್ಲಿ ಸಿಲುವೆಪುರವೂ ಕನಕಪುರದ ದಾರಿಯ ಮರಿಯಾಪುರವೂ ಸೇರಿವೆ.

ಇಲ್ಲಿ ಒಂದು ಆಕ್ಷೇಪವಿದೆ. ಅದನ್ನು ಬದಿಗೆ ಸರಿಸಿ ಮುಂದೆ ಹೋಗುವುದು ನ್ಯಾಯವಲ್ಲ. ಹಸಿದ ಕೂಸಿಗೆ ಅನ್ನವಿಟ್ಟು, ಅನ್ನದೊಡನೆ ಮತವನ್ನೂ ಉಣಿಸಿದರೆಂಬುದೇ ಆ ಆಕ್ಷೇಪ. ಅದರಲ್ಲಿ ಹುರುಳಿಲ್ಲವೆನ್ನಲಾಗದು. ಐದು ವರ್ಷದ ಮಗುವಿಗೆ ಜ್ಞಾನಸ್ನಾನವನ್ನು ಕೊಡುವಾಗ ಅದರ ಸಮ್ಮತಿಯನ್ನು ಯಾರು ಕೇಳಿದರು? ಆದರೆ ಆಕ್ಷೇಪಿಸುವವರೂ ಒಂದು ಪ್ರಶ್ನೆಗೆ ಉತ್ತರವನ್ನು ಹೇಳಬೇಕಾಗುತ್ತದೆ. ಆ ಕಾಲದಲ್ಲಿ ಛತ್ರಗಳಿದ್ದುವು, ಮಠಗಳಿದ್ದುವು, ಉದಾರಿಗಳಾದ ಶೆಟ್ಟರಿದ್ದರು. ಅನ್ನವನ್ನು ಇಟ್ಟವರು ಬಹು ಮಂದಿ. ಕುಲವೇ ತಿಳಿಯದ ಕೂಸನ್ನು ಒಂದು ಹೊತ್ತಿನ ಊಟಕ್ಕಲ್ಲದೆ ಹದಿನೈದು ವರ್ಷಗಳ ಬಾಳಿಗೆ ಒಳಗೆ ಕರೆದುಕೊಳ್ಳಬೇಕಾದರೆ ಯಾವ ಪಂಕ್ತಿಯಲ್ಲಿ ಕುಳ್ಳಿರಿಸುವುದೆಂಬ ಪ್ರಶ್ನೆಯು ಬಾಗಿಲಿನಲ್ಲಿಯೇ ಅಡ್ಡ ನಿಲ್ಲುತ್ತಿದ್ದಿತು. ಮಿಷನ್ನಿನವರ ಮನೆಯಲ್ಲಿ ಆ ಅಡ್ಡಿಯಿರಲಿಲ್ಲ. ಮಗುವಿಗೆ ಪಂಕ್ತಿಯನ್ನು ತಾವೇ ಕೊಟ್ಟರು. ಅದಕ್ಕೆ ತಕ್ಕ ಬೆಲೆಯನ್ನೂ ತೆಗೆದುಕೊಂಡರು. ಎರಡನ್ನೂ ಹೇಳಿದರೆ ಮಾತು ಪೂರ್ಣವಾಗುತ್ತದೆ.

ಹೀಗೆ ಬಂದ ಮಗುವಿಗೆ ಇಲ್ಲದಿದ್ದುದು ಅನ್ನವೊಂದೇ ಅಲ್ಲ. ಅದಕ್ಕೆ ಗೋತ್ರವಿಲ್ಲ, ಮನೆದೇವರಿಲ್ಲ, ಸೋದರಮಾವನ ಮನೆಯಿಲ್ಲ, ಹಬ್ಬಕ್ಕೆ ಹೋಗುವ ತವರೂರಿಲ್ಲ. ತನ್ನ ಹುಟ್ಟಿದ ದಿನವನ್ನು ಹೇಳುವವರಿಲ್ಲ. ತಾಯಿ ಸತ್ತ ತಿಥಿಯನ್ನು ಹೇಳುವವರೂ ಇಲ್ಲ. ಮನುಷ್ಯನಿಗೆ ವರ್ಷವೆಂಬುದು ಇವುಗಳಿಂದಲೇ ಆದದ್ದಷ್ಟೆ. ಆದಕಾರಣ ಅನಾಥಾಲಯದ ಶಾಲೆಯು ಆ ಮಕ್ಕಳಿಗೆ ಅಕ್ಷರಕ್ಕಿಂತ ಮೊದಲು ಕೊಟ್ಟದ್ದು ಒಂದು ವರ್ಷವನ್ನು. ಯಾವ ದಿನ ಹಬ್ಬ, ಯಾವ ದಿನ ಉಪವಾಸ, ಯಾವ ದಿನ ಸತ್ತವರನ್ನು ನೆನೆಯಬೇಕು, ಯಾವ ದಿನ ಹೊಸ ಬಟ್ಟೆ, ಇವೆಲ್ಲವೂ ಮನೆಯಿಂದ ಬರಬೇಕಾದದ್ದು ಗಂಟೆಯ ಕಂಬದಿಂದ ಬಂದಿತು. ಅವರ ಮೊಮ್ಮಕ್ಕಳ ಮೊಮ್ಮಕ್ಕಳು ಇಂದು ಶಾಲೆಗೆ ಹೋಗುವಾಗಲೂ ಆ ವರ್ಷವು ಹಾಗೆಯೇ ತಿರುಗುತ್ತಿದೆ.

ಹಾಜರಿ ಪುಸ್ತಕದಿಂದಲೇ ಆರಂಭಿಸಬಹುದು. ಕನ್ನಡ ಕ್ರೈಸ್ತರ ಹಳೆಯ ಹೆಸರುಗಳನ್ನು ಕೂಗಿದರೆ ಒಂದು ನಿಘಂಟನ್ನು ಓದಿದಂತಾಗುತ್ತದೆ. ಇನ್ನಾಸಪ್ಪನೆಂದರೆ ಇಗ್ನೇಷಿಯಸ್, ಚೌರಪ್ಪನೆಂದರೆ ಕ್ಸೇವಿಯರ್, ಅಂತೋಣಪ್ಪನು ಸಂತ ಅಂತೋಣಿಯ ಹೆಸರಿನವನು. ಚಿನ್ನಪ್ಪನೆಂಬವನು ಬಂಗಾರದ ಚಿನ್ನಪ್ಪನಲ್ಲ. ಲ್ಯಾಟಿನಿನಲ್ಲಿ ‘ಪೌಲುಸ್’ ಎಂದರೆ ಚಿಕ್ಕವನು. ತಮಿಳಿನಲ್ಲಿ ಅದನ್ನು ಅರ್ಥಾನುಸಾರವಾಗಿ ‘ಚಿನ್ನಪ್ಪರ್’ ಎಂದು ಅನುವಾದಿಸಿದರು. ಕನ್ನಡಕ್ಕೆ ಬರುವಾಗ ಆ ಚಿಕ್ಕವನು ಹೊನ್ನಾದನು. ಅರುಳಪ್ಪನು ಯೋಹಾನ, ಹೀಬ್ರೂವಿನ ಆ ಹೆಸರಿನಲ್ಲಿಯೂ ದೇವರ ಕೃಪೆಯೆಂಬ ಅರ್ಥವಿದೆ, ತಮಿಳಿನ ‘ಅರುಳ್’ ಎಂಬುದರಲ್ಲಿಯೂ ಅದೇ ಅರ್ಥ. ಇಂಥ ಹೆಸರುಗಳನ್ನಿಟ್ಟ ಭಾಷಾಂತರಕಾರರು ಯಾರೋ, ಶಬ್ದದ ಬೇರನ್ನು ಬಲ್ಲವರಾಗಿದ್ದರು. ಈಚಿನ ಹಾಜರಿ ಪುಸ್ತಕಗಳಲ್ಲಿ ಈ ಹೆಸರುಗಳು ತೆಳ್ಳಗಾಗಿ, ಬೇರಿನ ಗೊಡವೆಯಿಲ್ಲದೆ ಕಿವಿಗಿಂಪಾದ ಹೆಸರುಗಳು ಬಂದಿವೆ. ಇದು ಕ್ರೈಸ್ತರಲ್ಲಿ ಮಾತ್ರ ಆಗಿರುವ ಬದಲಾವಣೆಯೇನೂ ಅಲ್ಲ.

ಶಾಲಾವರ್ಷವು ಜೂನ್ ಹೊತ್ತಿಗೆ ಮೊದಲಾಗುತ್ತದೆ. ಪಾಠಶಾಲೆಯ ಪಂಚಾಂಗವನ್ನು ಬಲ್ಲವರಿಗೆ ಇದು ಸ್ವಲ್ಪ ಅವಸರವೆಂದು ತೋರಬಹುದು. ಶಾಸ್ತ್ರದ ಪ್ರಕಾರ ವೇದಾಧ್ಯಯನದ ವರ್ಷವು ಶ್ರಾವಣದ ಉಪಾಕರ್ಮದಿಂದ ತೊಡಗುತ್ತದೆ. ಆಮೇಲೂ ಪಾಠಕ್ಕೆ ತಡೆಗಳು ಅನೇಕ. ಪ್ರತಿಪತ್ತು, ಅಷ್ಟಮಿ, ಚತುರ್ದಶಿ, ಪರ್ವಗಳು, ಇವೆಲ್ಲ ಅನಧ್ಯಾಯ. ಗುಡುಗಿದರೆ ಅನಧ್ಯಾಯ, ಧೂಳೆದ್ದರೆ ಅನಧ್ಯಾಯ, ನರಿ ಕೂಗಿದರೂ ಅನಧ್ಯಾಯ. ಕ್ರೈಸ್ತಶಾಲೆಯ ಗಂಟೆಯು ತಿಥಿಯನ್ನು ನೋಡದು, ನರಿಯ ಕೂಗನ್ನೂ ಕೇಳದು. ಏಳು ದಿನಕ್ಕೊಮ್ಮೆ ಮಾತ್ರ ಸುಮ್ಮನಾಗುತ್ತದೆ. ವಾರವೆಂಬ ಈ ಅಳತೆ ಇಂದು ಎಲ್ಲ ಶಾಲೆಗಳಿಗೂ ಎಷ್ಟು ಸಹಜವಾಗಿದೆಯೆಂದರೆ, ಭಾನುವಾರದ ರಜೆಯು ಒಂದು ಮತದ ಪ್ರಾರ್ಥನಾದಿನದಿಂದ ಬಂದುದೆಂಬುದು ಯಾರ ನೆನಪಿನಲ್ಲಿಯೂ ಇಲ್ಲ.

ಆದರೆ ಒಂದು ವಿಷಯದಲ್ಲಿ ಪಾಠಶಾಲೆಗೂ ಹಳೆಯ ಕಥೋಲಿಕ ಶಾಲೆಗೂ ಆಶ್ಚರ್ಯಕರವಾದ ಸಾಮ್ಯವಿದ್ದಿತು. ೧೯೬೨ರಿಂದ ೧೯೬೫ರವರೆಗೆ ನಡೆದ ಎರಡನೆಯ ವ್ಯಾಟಿಕನ್ ಮಹಾಸಭೆಗೆ ಮುಂಚೆ ಬಲಿಪೂಜೆಯು ಲ್ಯಾಟಿನಿನಲ್ಲಿ ನಡೆಯುತ್ತಿದ್ದಿತು. ಪೀಠದ ಬಳಿ ಗುರುಗಳಿಗೆ ಪ್ರತಿವಚನವನ್ನು ಹೇಳುವ ಹತ್ತು ವರ್ಷದ ಹುಡುಗನು ಒಂದಕ್ಷರದ ಅರ್ಥವನ್ನೂ ಅರಿಯದೆ, ಆದರೆ ಒಂದು ಸ್ವರವನ್ನೂ ತಪ್ಪದೆ, ಲ್ಯಾಟಿನನ್ನು ಒಪ್ಪಿಸುತ್ತಿದ್ದನು. ಅದೇ ಹೊತ್ತಿನಲ್ಲಿ ಬೆಂಗಳೂರಿನ ಪೇಟೆಯ ಯಾವುದೋ ಪಾಠಶಾಲೆಯಲ್ಲಿ ಅದೇ ವಯಸ್ಸಿನ ವಟುವು ಅರ್ಥವನ್ನರಿಯದೆ ಸ್ವರವನ್ನು ತಪ್ಪದೆ ಅನುವಾಕವನ್ನು ಒಪ್ಪಿಸುತ್ತಿದ್ದನು. ಇಬ್ಬರಿಗೂ ಬೆತ್ತವೊಂದೇ. ಮಹಾಸಭೆಯ ತರುವಾಯ ಪ್ರಾರ್ಥನೆಗಳು ಕನ್ನಡದಲ್ಲಿ ಕೇಳಿಸತೊಡಗಿದುವು. ಗುರು, ಪೂಜೆ, ತಪಸ್ಸುಕಾಲ, ಜಪಸರ, ಪ್ರಸಾದ ಮುಂತಾದ ಶಬ್ದಗಳು ಎರಡು ಮನೆಗಳಲ್ಲಿಯೂ ವಾಸಿಸತೊಡಗಿದುವು. ಮಕ್ಕಳಿಗೆ ಅರ್ಥವು ಸಿಕ್ಕಿತು. ಆದರೂ ಅರ್ಥವಿಲ್ಲದೆ ಕಲಿತದ್ದು ನಾಲಗೆಯ ಮೇಲೆ ಹೆಚ್ಚು ಕಾಲ ನಿಲ್ಲುತ್ತದೆಂದು ಹಳಬರು ಹೇಳುವುದುಂಟು, ಅದೂ ಸುಳ್ಳಲ್ಲ.

ಜುಲೈಯಲ್ಲಿ ರಾಗಿಯ ಬಿತ್ತನೆ. ಆಗಸ್ಟ್ ೧೫ರಂದು ಮಾತೆ ಮರಿಯಳ ಸ್ವರ್ಗಸ್ವೀಕಾರದ ಹಬ್ಬ. ೧೯೪೭ರಿಂದ ಅದೇ ದಿನ ಸ್ವಾತಂತ್ರ್ಯದಿನವೂ ಸೇರಿ, ಹುಡುಗರಿಗೆ ಪೂಜೆಯೂ ಧ್ವಜವೂ ಮಿಠಾಯಿಯೂ ಒಂದೇ ಬೆಳಗಿನಲ್ಲಿ ದೊರೆಯುತ್ತವೆ. ತಿಂಗಳ ಕೊನೆಗೆ ಶಿವಾಜಿನಗರದ ಸಂತ ಮರಿಯಮ್ಮನವರ ದೇವಾಲಯದಲ್ಲಿ ನವದಿನದ ಪ್ರಾರ್ಥನೆ ಆರಂಭವಾಗಿ ಸೆಪ್ಟೆಂಬರ್ ೮ರ ತೇರಿನಲ್ಲಿ ಮುಗಿಯುತ್ತದೆ. ಕಾವಿಯ ಬಟ್ಟೆಯನ್ನುಟ್ಟು ಬರಿಗಾಲಿನಲ್ಲಿ ನಡೆದು ಹೋಗುವ ಹರಕೆಯವರನ್ನು ನೋಡಿದರೆ ಯಾವ ಮತದ ಜಾತ್ರೆಯೆಂದು ಹೊರಗಿನವನಿಗೆ ತಟ್ಟನೆ ತಿಳಿಯದು. ತೇರಿನ ಮರುದಿನ ತರಗತಿಯಲ್ಲಿ ಅರ್ಧದಷ್ಟು ಹುಡುಗರು ತೂಕಡಿಸುತ್ತಾರೆ. ದಸರೆಗೆ ರಜೆಯುಂಟು, ಆದರೆ ಕ್ರೈಸ್ತಶಾಲೆಗಳಲ್ಲಿ ಆ ರಜೆಯನ್ನು ಕುಗ್ಗಿಸಿ ಉಳಿದ ದಿನಗಳನ್ನು ಡಿಸೆಂಬರಿಗೆ ಕೂಡಿಡುವ ವಾಡಿಕೆ.

ನವೆಂಬರ್ ೨ರ ವಿಷಯವನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ಅದು ಸಕಲ ಮೃತರ ಸ್ಮರಣೆಯ ದಿನ. ಅದಕ್ಕೆ ಮುಂಚಿನ ದಿನಗಳಲ್ಲಿ ಸಮಾಧಿಭೂಮಿಯ ಹುಲ್ಲನ್ನು ಕೀಳುತ್ತಾರೆ. ಶಿಲುಬೆಗಳಿಗೆ ಸುಣ್ಣ ಬಳಿಯುತ್ತಾರೆ. ಅಳಿಸಿದ ಅಕ್ಷರಗಳನ್ನು ಕರಿಯ ಬಣ್ಣದಿಂದ ತಿದ್ದುತ್ತಾರೆ. ಅಕ್ಷರವನ್ನು ಹೊಸದಾಗಿ ಕಲಿತ ಮಕ್ಕಳಿಗೆ ಸಮಾಧಿಗಳ ಮೇಲಿನ ಹೆಸರನ್ನು ಕೂಡಿಸಿ ಓದುವುದು ಒಂದು ಆಟ. ಪುಸ್ತಕವಿಲ್ಲದ ಮನೆಯ ಮಗುವಿಗೆ ಅದೇ ಎರಡನೆಯ ಪಠ್ಯಪುಸ್ತಕವೆಂದರೂ ತಪ್ಪಿಲ್ಲ. ಸಂಜೆ ಸೇವಂತಿಗೆಯ ಹೂಗಳನ್ನಿಟ್ಟು ಮೇಣದ ಬತ್ತಿಗಳನ್ನು ಹಚ್ಚುತ್ತಾರೆ. ತಾತನ ಬಳಿ ಒಂದು, ಅಜ್ಜಿಯ ಬಳಿ ಒಂದು, ಹುಟ್ಟುತ್ತಲೇ ಹೋದ ತಮ್ಮನ ಪುಟ್ಟ ಗುಡ್ಡೆಯ ಮೇಲೆ ಒಂದು.

ಈ ಊರಿನ ಮೊದಲ ಮಕ್ಕಳು ನವೆಂಬರ್ ೨ರಂದು ಬತ್ತಿಯನ್ನು ಎಲ್ಲಿ ಹಚ್ಚಿರಬೇಕು? ಅವರ ತಂದೆತಾಯಿಗಳು ದಾರಿಯ ಬದಿಯಲ್ಲಿ, ಮಂಟಪಗಳಲ್ಲಿ, ಗಂಜಿಯ ಶಿಬಿರಗಳ ಹೊರಗೆ ಅಳಿದವರು. ಹೂಳಿದರೋ, ಸುಟ್ಟರೋ, ಅದೂ ಇಲ್ಲವೋ, ಮಗುವಿಗೆ ತಿಳಿಯದು. ಆ ತಂದೆತಾಯಿಗಳು ಕ್ರೈಸ್ತರೂ ಅಲ್ಲ. ಹಳೆಯ ಕಾಲದ ಬಿಗಿಯಾದ ಉಪದೇಶದಂತೆ ಅವರ ಗತಿಯೇನೆಂದು ಕೇಳಿದರೆ ಮಗುವಿಗೆ ಸಮಾಧಾನವಾಗುವಂಥ ಉತ್ತರವು ದೊರಕುತ್ತಿದ್ದಿತೆಂದು ಹೇಳುವ ಹಾಗಿಲ್ಲ. ಇತ್ತ ಪೂರ್ವಿಕರ ಪದ್ಧತಿಯಲ್ಲಿ ಮಹಾಲಯ ಅಮಾವಾಸ್ಯೆಯುಂಟು. ಆ ಪದ್ಧತಿಯಿಂದ ಮಗುವು ಹೊರಗಾಯಿತು. ಎರಡು ಕಡೆಯೂ ನೆನೆಯುವ ದಿನವಿದ್ದು, ಎರಡು ಕಡೆಯೂ ಅದರ ತಾಯಿಗೆ ಸ್ಥಳವಿಲ್ಲ. ಬರವು ಮಾಡಿದ ಅನ್ಯಾಯಗಳಲ್ಲಿ ಲೆಕ್ಕಕ್ಕೆ ಸಿಕ್ಕದೆ ಹೋದದ್ದು ಇದು.

ಆದರೂ ಎರಡು ಕಡೆಯಲ್ಲಿಯೂ ಒಂದೊಂದು ಕಿರುಬಾಗಿಲು ತೆರೆದೇ ಇತ್ತು. ತರ್ಪಣದ ಕೊನೆಯಲ್ಲಿ, ತಾಯಿಯಾಗಲಿ ತಂದೆಯಾಗಲಿ ಬಂಧುವಾಗಲಿ ಇಲ್ಲದೆ ಹೋದವರಿಗೆಂದು, ಹೆಸರು ಗೋತ್ರಗಳನ್ನು ಹೇಳದೆ, ಒಂದು ಬೊಗಸೆ ನೀರನ್ನು ಬಿಡುವುದುಂಟು. ಕಥೋಲಿಕರ ಮನೆಗಳ ಜಪದಲ್ಲಿಯೂ, ತಮಗಾಗಿ ಬೇಡುವವರೇ ಇಲ್ಲದ ಆತ್ಮಗಳಿಗೆಂದು ಒಂದು ಪ್ರಾರ್ಥನೆಯನ್ನು ಸೇರಿಸುವ ಪದ್ಧತಿಯುಂಟು. ಇವೆರಡನ್ನೂ ಏರ್ಪಡಿಸಿದವರು ಒಬ್ಬರನ್ನೊಬ್ಬರು ಕಂಡವರಲ್ಲ. ಸಮಾಧಿಭೂಮಿಯ ನಡುವಿನ ದೊಡ್ಡ ಶಿಲುಬೆಯ ಬುಡದಲ್ಲಿ, ಯಾವ ಹೆಸರಿಗೂ ಸೇರದ ಬತ್ತಿಗಳನ್ನು ಹಚ್ಚುವುದು ಇಂದಿಗೂ ಅನೇಕ ಊರುಗಳಲ್ಲಿ ನಡೆಯುತ್ತದೆ. ಸಿಲುವೆಪುರದಂಥ ಊರಿನಲ್ಲಿ ಆ ಬೆಳಕಿಗೆ ಬೇರೆ ಊರುಗಳಲ್ಲಿಲ್ಲದ ಒಂದು ಅರ್ಥವುಂಟು. ತರಗತಿಯ ಮಕ್ಕಳಿಗೆ ಅದನ್ನು ಬಿಡಿಸಿ ಹೇಳಬೇಕೋ ಬೇಡವೋ ಎಂಬುದು ಉಪಾಧ್ಯಾಯರ ವಿವೇಚನೆಗೆ ಸೇರಿದ್ದು. ಚರಿತ್ರೆಯ ಪಾಠದಲ್ಲಿ ಯುದ್ಧಗಳಿಗೆ ಸ್ಥಳವಿರುವಷ್ಟು ಬರಗಾಲಗಳಿಗಿಲ್ಲ.

ಡಿಸೆಂಬರಿನಲ್ಲಿ ಊರು ಬೇರೆಯಾಗುತ್ತದೆ. ರಾಗಿಯ ಕೊಯ್ಲು ಮುಗಿದು ಕಣವು ತುಂಬಿರುವ ಕಾಲ, ಅವರೆಕಾಯಿಯ ಸೊಗಡು. ಕ್ರಿಸ್ಮಸ್ಸಿನ ಗೋದಲಿಗೆಂದು ಮಕ್ಕಳು ಹತ್ತು ಹದಿನೈದು ದಿನ ಮುಂಚಿತವಾಗಿ ತಟ್ಟೆಗಳಲ್ಲಿ ಮಣ್ಣನ್ನು ಹಾಕಿ ರಾಗಿಯನ್ನೋ ಸಾಸಿವೆಯನ್ನೋ ಚೆಲ್ಲುತ್ತಾರೆ. ಹಸುರು ಮೊಳಕೆ ಎದ್ದಾಗ ಅದೇ ಬೆತ್ಲೆಹೇಮಿನ ಹುಲ್ಲುಗಾವಲು. ಕನ್ನಡಿಯ ಚೂರು ಕೆರೆಯಾಗುತ್ತದೆ. ಹೊಸ ರಾಗಿಹುಲ್ಲು ಕೊಟ್ಟಿಗೆಯ ಮಾಡಾಗುತ್ತದೆ. ನವರಾತ್ರಿಯಲ್ಲಿ ಗೊಂಬೆಗಳನ್ನು ಕೂರಿಸಿ ಧಾನ್ಯದ ಮೊಳಕೆಗಳನ್ನಿಡುವ ಮನೆಯವರು ಇದನ್ನು ನೋಡಿದರೆ ನಕ್ಕು, ತಮ್ಮ ಮನೆಯ ಮರದ ಹಸುವೊಂದನ್ನು ಕೊಟ್ಟು ಕಳುಹಿಸಿಯಾರು. ಗೊಂಬೆಗಳ ಪ್ರಮಾಣವು ಮಾತ್ರ ಎಲ್ಲಿಯೂ ಸರಿಹೊಂದದು. ಕುರಿಯು ಒಂಟೆಗಿಂತ ದೊಡ್ಡದಾಗಿರುವುದೇ ಹೆಚ್ಚು. ಆ ಕಥೆಯಲ್ಲಿ ಛತ್ರದಲ್ಲಿ ಸ್ಥಳವಿಲ್ಲದೆ ಹೋದ ತಾಯಿಯೊಬ್ಬಳಿದ್ದಾಳೆ. ಬರಗಾಲದ ಮಕ್ಕಳಿಗೆ ಆ ಭಾಗವನ್ನು ವಿವರಿಸಬೇಕಾದ ಅಗತ್ಯವಿದ್ದಿರಲಾರದು.

ಈ ಊರಿನಲ್ಲಿ ೧೯೭೫ರಲ್ಲಿ ಇನ್ನೊಂದು ಬಗೆಯ ಶಾಲೆಯು ಹುಟ್ಟಿತು. ಚಿತ್ರಕಾರರಾದ ಜ್ಯೋತಿ ಸಾಹಿಯವರ ಪತ್ನಿ, ಇಂಗ್ಲೆಂಡಿನಿಂದ ಬಂದು ಇಲ್ಲಿ ನೆಲೆಸಿದ ಜೇನ್ ಸಾಹಿಯವರು, ಅದನ್ನು ಆರಂಭಿಸಿದರು. ಅದು ಮಿಷನ್ನಿನ ಶಾಲೆಯಲ್ಲ, ಸರ್ಕಾರದ್ದೂ ಅಲ್ಲ. ಗಾಂಧೀಜಿಯವರು ೧೯೩೭ರಲ್ಲಿ ವಾರ್ಧಾದಲ್ಲಿ ಮುಂದಿಟ್ಟ ಮೂಲಶಿಕ್ಷಣದ ವಿಚಾರವೂ ರವೀಂದ್ರರ ವಿಚಾರವೂ ಅದರ ಹಿಂದೆ ಇದ್ದುವು. ಚಿತ್ರ, ಮಣ್ಣು, ಕಥೆ, ಕೈಕೆಲಸ, ಇವುಗಳ ಮೂಲಕ ಹಳ್ಳಿಯ ಮಕ್ಕಳಿಗೆ ಕಲಿಸುತ್ತ ಅದು ಮೂರು ದಶಕಗಳಿಗೂ ಮೀರಿ ನಡೆಯಿತು. ಹೆಸರು ‘ಸೀತಾ ಶಾಲೆ’. ಕ್ರೈಸ್ತರ ಊರಿನ ಶಾಲೆಗೆ ಸೀತೆಯ ಹೆಸರೇಕೆಂದು ಕೇಳುವವರುಂಟು. ಸೀತೆಯೆಂದರೆ ನೇಗಿಲಿನ ಸಾಲು. ಋಗ್ವೇದದಲ್ಲಿಯೇ ಆ ಸಾಲು ದೇವತೆಯಾಗಿದೆ. ಕೌಟಿಲ್ಯನು ವ್ಯವಸಾಯದ ಅಧಿಕಾರಿಯನ್ನು ಸೀತಾಧ್ಯಕ್ಷನೆಂದು ಕರೆದಿದ್ದಾನೆ. ಹೆತ್ತವರಾರೆಂದು ತಿಳಿಯದೆ ಉಳುವ ನೆಲದಲ್ಲಿ ಸಿಕ್ಕಿದ ಮಗುವನ್ನು ಜನಕನು ಎತ್ತಿಕೊಂಡನು. ಕುಲವನ್ನು ಕೇಳದೆ ತನ್ನ ಹೆಸರನ್ನೇ ಅದಕ್ಕೆ ಕೊಟ್ಟನು. ಹೊಲದಲ್ಲಿ ನಿಲ್ಲಿಸಿದ ಅನಾಥರಿಂದ ಹುಟ್ಟಿದ ಊರಿಗೆ ಇದಕ್ಕಿಂತ ಒಪ್ಪುವ ಹೆಸರು ಸಂಸ್ಕೃತದಲ್ಲಿ ಸಿಕ್ಕುವುದು ಕಷ್ಟ. ಪ್ರತಿಪತ್ತಿನ ದಿನ ಪಾಠ ಹೇಳುವವನ ವಿದ್ಯೆಯಂತೆ ಸೀತೆಯು ಕೃಶಳಾಗಿದ್ದಳೆಂದು ಸುಂದರಕಾಂಡದಲ್ಲಿ ಹನುಮಂತನು ಹೇಳುತ್ತಾನೆ. ಪ್ರತಿಪತ್ತನ್ನು ಲೆಕ್ಕಿಸದ ಶಾಲೆಯೊಂದು ಅವಳ ಹೆಸರಿನಲ್ಲಿಯೇ ಅಷ್ಟು ಕಾಲ ನಡೆದದ್ದನ್ನು ಹನುಮಂತನು ಕಂಡಿದ್ದರೆ ಉಪಮೆಯನ್ನು ಬದಲಿಸುತ್ತಿದ್ದನೋ ಏನೋ.

ನೀರಿನ ಮಾತನ್ನೂ ಇಲ್ಲಿ ಒಂದಿಷ್ಟು ಸೇರಿಸಬೇಕು. ನೀರಿಲ್ಲದೆ ಹುಟ್ಟಿದ ಈ ಊರಿನ ನೆರೆಯಲ್ಲಿಯೇ, ದಿವಾನ್ ಶೇಷಾದ್ರಿ ಅಯ್ಯರವರ ಕಾಲದಲ್ಲಿ, ೧೮೯೪ರಲ್ಲಿ, ಅರ್ಕಾವತಿಗೆ ಹೆಸರಘಟ್ಟದ ಕೆರೆಯನ್ನು ಕಟ್ಟಿದರು. ಅದರ ನೀರು ಸೋಲದೇವನಹಳ್ಳಿಗೆ ಹರಿದು, ಅಲ್ಲಿ ಯಂತ್ರದಿಂದ ಮೇಲಕ್ಕೇರಿ, ೧೮೯೬ರಿಂದ ಬೆಂಗಳೂರಿನ ನಲ್ಲಿಗಳಿಗೆ ಹೋಯಿತು. ನಗರವು ಆ ಕೆರೆಯನ್ನು ಕುಡಿದು ಮುಗಿಸಿ ಈಗ ಕಾವೇರಿಯನ್ನು ಆಶ್ರಯಿಸಿದೆ. ಕುಡಿದ ಮೇಲೆ ತಾನೇ ನಡೆದುಕೊಂಡು ಆ ಕಡೆಗೆ ಬಂದಿದೆ. ಸೋಲದೇವನಹಳ್ಳಿಯ ಸುತ್ತ ಕಾಲೇಜುಗಳು, ವಸತಿಗಳು, ಮಹಡಿಗಳು. ರಾಗಿಯ ಹೊಲಗಳು ನಿವೇಶನಗಳಾದುವು. ಗೋದಲಿಗೆ ರಾಗಿಹುಲ್ಲನ್ನು ಈಗ ಹುಡುಕಿ ತರಬೇಕು.

ಫೆಬ್ರವರಿಯಲ್ಲೋ ಮಾರ್ಚಿಯಲ್ಲೋ ಬೂದಿಯ ಬುಧವಾರ. ಹಿಂದಿನ ವರ್ಷದ ಗರಿಗಳ ಭಾನುವಾರ ಕೈಯಲ್ಲಿ ಹಿಡಿದಿದ್ದ ಗರಿಗಳನ್ನು ಮನೆಮನೆಯಿಂದ ತರಿಸಿ, ಸುಟ್ಟು, ಆ ಬೂದಿಯನ್ನು ಹಣೆಗೆ ಇಡುತ್ತಾರೆ. ಅಂದಿನಿಂದ ತಪಸ್ಸುಕಾಲ, ಮಾಂಸವನ್ನು ಬಿಡುವವರುಂಟು, ಮಕ್ಕಳು ಮಿಠಾಯಿಯನ್ನು ಬಿಡುತ್ತೇವೆಂದು ಸಂಕಲ್ಪ ಮಾಡಿ ನಾಲ್ಕನೆಯ ದಿನಕ್ಕೆ ಮುರಿಯುವುದುಂಟು. ಆ ನಲವತ್ತು ದಿನಗಳೂ ಪರೀಕ್ಷೆಯ ಸಿದ್ಧತೆಯ ದಿನಗಳೂ ಒಂದರೊಳಗೊಂದು ಬೀಳುವುದರಿಂದ, ಬೆಳಿಗ್ಗೆ ಶಿಲುಬೆಯ ಹಾದಿಯ ಪ್ರಾರ್ಥನೆ, ಸಂಜೆ ಬೀಜಗಣಿತ, ಹೀಗೆ ಹುಡುಗರಿಗೆ ಎರಡು ತಪಸ್ಸುಗಳು ಒಟ್ಟಿಗೆ ಒದಗುತ್ತವೆ. ಪಾಸ್ಖದ ಹಬ್ಬವು ಡಿಸೆಂಬರ್ ೨೫ರಂತೆ ನಿಶ್ಚಿತವಾದುದಲ್ಲ. ಮಾರ್ಚಿ ೨೧ರಂದು ಅಥವಾ ಅದರ 
ತರುವಾಯ ಬರುವ ಹುಣ್ಣಿಮೆಯನ್ನು ಹಿಡಿದು, ಅದರ ಮುಂದಿನ ಭಾನುವಾರವನ್ನು ಎಣಿಸಬೇಕು. ಆದಕಾರಣ ಅದು ಮಾರ್ಚಿ ೨೨ರಿಂದ ಏಪ್ರಿಲ್ ೨೫ರವರೆಗೆ ಓಲಾಡುತ್ತದೆ. ಪಂಚಾಂಗವನ್ನು ಬಲ್ಲವರಿಗೆ ಈ ಲೆಕ್ಕವು ಪರಕೀಯವೆನಿಸದು. ಯುಗಾದಿಯೂ ಹೀಗೆಯೇ ಚಂದ್ರನ ಹಿಂದೆ ತಿರುಗುವ ಹಬ್ಬ. ಕೆಲವು ವರ್ಷ ಬೇವಿನ ಹೂವಿನ ಹೊತ್ತಿಗೇ ತಪಸ್ಸುಕಾಲದ ಕೊನೆಯೂ ಬರುತ್ತದೆ. ಶುಭ ಶುಕ್ರವಾರದಂದು ಗಂಟೆಯನ್ನು ಬಾರಿಸುವುದಿಲ್ಲ. ವರ್ಷವೆಲ್ಲ ಗಂಟೆಯಿಂದ ನಡೆಯುವ ಊರಿನಲ್ಲಿ ಆ ಒಂದು ದಿನದ ಮೌನವು ಕಿವಿಗೆ ಹೊಡೆಯುತ್ತದೆ. ಶನಿವಾರ ರಾತ್ರಿ ಕತ್ತಲಲ್ಲಿ ಹೊಸ ಬೆಂಕಿಯನ್ನು ಹೊತ್ತಿಸಿ, ಒಂದು ದೊಡ್ಡ ಬತ್ತಿಯಿಂದ ಎಲ್ಲರ ಬತ್ತಿಗಳಿಗೂ ಹಂಚಿದ ಮೇಲೆ ಮತ್ತೆ ಗಂಟೆಯ ಧ್ವನಿ.

ಏಪ್ರಿಲಿನಲ್ಲಿ ಶಾಲೆಯು ಮುಚ್ಚುತ್ತದೆ. ಹುಡುಗರು ಮಾವಿನ ಮರಗಳ ಕಡೆಗೆ ಓಡುತ್ತಾರೆ, ಮರಗಳು ಉಳಿದಿರುವೆಡೆಯಲ್ಲಿ. ಮನೆಗಳಲ್ಲಿ ಆ ವರ್ಷದ ಹೊಸ ಗರಿಯನ್ನು ಗೋಡೆಯ ಶಿಲುಬೆಯ ಹಿಂದೆ ಸಿಕ್ಕಿಸಿರುತ್ತಾರೆ. ಮುಂದಿನ ಬೂದಿಯ ಬುಧವಾರದವರೆಗೆ ಅದು ಅಲ್ಲಿಯೇ ಒಣಗುತ್ತದೆ. ಉಪಾಧ್ಯಾಯರು ಖಾಲಿಯಾದ ಕೊಠಡಿಯಲ್ಲಿ ಕುಳಿತು ತೇರ್ಗಡೆಯಾದ ಮಕ್ಕಳ ಹೆಸರುಗಳನ್ನು ಮುಂದಿನ ತರಗತಿಯ ಪುಸ್ತಕಕ್ಕೆ ಬರೆದುಕೊಳ್ಳುತ್ತಾರೆ: ಮಗುವಿನ ಹೆಸರು, ತಂದೆಯ ಹೆಸರು, ತಾಯಿಯ ಹೆಸರು, ಹುಟ್ಟಿದ ತಾರೀಖು, ಸ್ವಂತ ಊರು. ಊರಿನ ಅಂಕಣದಲ್ಲಿ ಮೊದಲನೆಯ ಹೆಸರಿನೆದುರು ಸಿಲುವೆಪುರವೆಂದು ಬರೆದು, ಅದರ ಕೆಳಗೆ ಸಾಲುಸಾಲಾಗಿ ಅದೇ ಗುರುತನ್ನು ಹಾಕುತ್ತ ಹೋಗುತ್ತಾರೆ.